ಹಳಗನ್ನಡ ಪಠ್ಯಗಳ ಜಾಲತಾಣಗಳು ಮತ್ತು ಸುಗಮ್ಯತೆಯ ಪ್ರಶ್ನೆ

1. ಪೀಠಿಕೆ

ಕರ್ನಾಟಕದ ಹೊರಗೆ ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರಿಗೆ ಗ್ರಂಥಾಲಯದ ದೂರವು ಬಹುಕಾಲದಿಂದ ಪರಿಚಿತವಾದ ತೊಡಕು. ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಕುಳಿತು ಪಂಪನ ಒಂದು ಪದ್ಯದ ಪಾಠಾಂತರವನ್ನು ನೋಡಬೇಕಾದರೆ ಹಿಂದೆ ಮೈಸೂರಿಗೋ ಧಾರವಾಡಕ್ಕೋ ಪ್ರಯಾಣ ಮಾಡಬೇಕಾಗಿತ್ತು. ಕಳೆದ ಎರಡು ದಶಕಗಳಲ್ಲಿ ಅಂತರ್ಜಾಲವು ಈ ದೂರವನ್ನು ಬಹುಮಟ್ಟಿಗೆ ಕಡಿಮೆ ಮಾಡಿದೆ. ಹಳೆಯ ಮುದ್ರಣಗಳ ಬಿಂಬಪ್ರತಿಗಳು, ಶಾಸನ ಸಂಪುಟಗಳು, ವಚನ ಸಂಗ್ರಹಗಳು, ನಿಘಂಟುಗಳು ಇಂದು ಮನೆಯಲ್ಲೇ ದೊರೆಯುತ್ತವೆ.

ಆದರೆ ಈ ಸೌಲಭ್ಯವು ಎಲ್ಲ ಓದುಗರಿಗೂ ಸಮನಾಗಿ ಒದಗಿದೆಯೇ ಎಂಬ ಪ್ರಶ್ನೆಯನ್ನು ನಮ್ಮ ವಿದ್ವತ್ ವಲಯವು ಇನ್ನೂ ಗಂಭೀರವಾಗಿ ಕೇಳಿಕೊಂಡಂತಿಲ್ಲ. ಕನ್ನಡ ಎಂ.ಎ. ತರಗತಿಗೆ ಸೇರಿದ ದೃಷ್ಟಿಹೀನ ವಿದ್ಯಾರ್ಥಿಗೆ, ಕೈಗಳ ಸ್ವಾಧೀನವಿಲ್ಲದ ಸಂಶೋಧಕನಿಗೆ, ಇಳಿವಯಸ್ಸಿನಲ್ಲಿ ದೃಷ್ಟಿ ಮಂದವಾದ ವಿದ್ವಾಂಸರಿಗೆ, ಉಪನ್ಯಾಸದ ಧ್ವನಿಮುದ್ರಿಕೆಯನ್ನು ಕೇಳಲಾರದ ಶ್ರವಣದೋಷವುಳ್ಳ ಓದುಗರಿಗೆ ನಮ್ಮ ಪಠ್ಯಗಳು ತೆರೆದಿವೆಯೇ? 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ 2.68 ಕೋಟಿ; ಅವರಲ್ಲಿ ದೃಷ್ಟಿಗೆ ಸಂಬಂಧಿಸಿದ ವೈಕಲ್ಯವುಳ್ಳವರು ಸುಮಾರು 50 ಲಕ್ಷ. ಕರ್ನಾಟಕವೊಂದರಲ್ಲೇ ಒಟ್ಟು 13 ಲಕ್ಷಕ್ಕೂ ಹೆಚ್ಚು ಮಂದಿ ಈ ಗಣನೆಗೆ ಬಂದಿದ್ದಾರೆ. ಇವರಲ್ಲಿ ಸಾಹಿತ್ಯದ ಓದುಗರು ಇಲ್ಲವೆಂದು ಭಾವಿಸಲು ಯಾವ ಆಧಾರವೂ ಇಲ್ಲ.

ಅಂಗವೈಕಲ್ಯವುಳ್ಳವರೂ ಬಳಸಬಲ್ಲಂತೆ ಜಾಲತಾಣವನ್ನು ರೂಪಿಸುವ ಕ್ರಮಕ್ಕೆ ಪ್ರಸ್ತುತ ಲೇಖನದಲ್ಲಿ 'ಸುಗಮ್ಯತೆ' ಎಂಬ ಪದವನ್ನು ಬಳಸಿದ್ದೇವೆ. ಸುಗಮ್ಯತೆಯ ಸಾಮಾನ್ಯ ತತ್ತ್ವಗಳನ್ನು ಸಂಗ್ರಹವಾಗಿ ತಿಳಿಸಿ, ಪ್ರಾಚೀನ ಕನ್ನಡ ಪಠ್ಯಗಳಿಗೆ ಅವುಗಳನ್ನು ಅನ್ವಯಿಸುವಾಗ ಏಳುವ ವಿಶಿಷ್ಟ ಸಮಸ್ಯೆಗಳನ್ನು ತುಸು ವಿವರವಾಗಿ ಪರಿಶೀಲಿಸುವುದು ನಮ್ಮ ಉದ್ದೇಶ. ಈ ಸಮಸ್ಯೆಗಳಲ್ಲಿ ಬಹುಪಾಲು ಗ್ರಂಥಸಂಪಾದನೆಯ ಸಮಸ್ಯೆಗಳೇ ಆಗಿವೆ. ತಂತ್ರಜ್ಞರಿಗೆ ಒಪ್ಪಿಸಿ ಸುಮ್ಮನಿರುವಂಥವಲ್ಲ ಎಂಬುದು ನಮ್ಮ ಮುಖ್ಯ ಪ್ರತಿಪಾದನೆ.

2. ಕಿವಿಯ ಓದು

ದೃಷ್ಟಿಹೀನರು ಗಣಕಯಂತ್ರವನ್ನು ಬಳಸುವ ಬಗೆಯನ್ನು ಮೊದಲು ತಿಳಿಯುವುದು ಅವಶ್ಯ. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವು ಪರದೆಯ ಮೇಲಿನ ಪಠ್ಯವನ್ನು ಕೃತಕ ಧ್ವನಿಯಲ್ಲಿ ಓದಿ ಹೇಳುತ್ತದೆ. ಇಂತಹ ತಂತ್ರಾಂಶಗಳು ಮೊದಲು ಬಹಳ ದುಬಾರಿಯಾಗಿದ್ದವು. ಆಸ್ಟ್ರೇಲಿಯದ ಮೈಕೇಲ್ ಕರ್ರನ್ ಎಂಬ ದೃಷ್ಟಿಹೀನ ತರುಣ 2006ರಲ್ಲಿ ಆರಂಭಿಸಿದ 'ಎನ್‌ವಿಡಿಎ' ಎಂಬ ತಂತ್ರಾಂಶವು ಉಚಿತವಾಗಿ ದೊರೆಯುವುದರಿಂದ ಭಾರತದಂತಹ ದೇಶಗಳಲ್ಲಿ ಪರಿಸ್ಥಿತಿ ಬದಲಾಯಿತು. ಅದರೊಡನೆ ಬರುವ ಧ್ವನಿಯಂತ್ರವು ಕನ್ನಡವನ್ನೂ ಓದಬಲ್ಲದು. ಕೈಫೋನುಗಳಲ್ಲಿಯೂ ಇಂತಹ ವ್ಯವಸ್ಥೆ ಇದೆ.

ಸ್ಕ್ರೀನ್ ರೀಡರ್ ಪುಟವನ್ನು ನೋಡುವುದಿಲ್ಲ. ಪುಟದ ಹಿಂದಿರುವ ಸಂಕೇತಗಳನ್ನು ಅನುಕ್ರಮವಾಗಿ ಓದುತ್ತದೆ. ಕಣ್ಣಿಗೆ ಅಂದವಾಗಿ ಕಂಡದ್ದು ಸಂಕೇತದಲ್ಲಿ ಅಸ್ತವ್ಯಸ್ತವಾಗಿದ್ದರೆ ಕಿವಿಗೆ ಅಸ್ತವ್ಯಸ್ತವೇ ತಲುಪುತ್ತದೆ. ಮುಂದಿನ ಚರ್ಚೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಕಿವಿಯಿಂದ ಕಾವ್ಯವನ್ನು ಗ್ರಹಿಸುವುದು ಕನ್ನಡಕ್ಕೆ ಹೊಸತಲ್ಲ. ಕುಮಾರವ್ಯಾಸನ ಭಾರತವು ಶತಮಾನಗಳ ಕಾಲ ಗಮಕದ ಮೂಲಕ ಅಕ್ಷರ ಬಾರದ ಜನರ ಮನೆಮಾತಾಗಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಸಂಖ್ಯ ಅಂಧ ಮಕ್ಕಳಿಗೆ ಸಂಗೀತವನ್ನೂ ವಿದ್ಯೆಯನ್ನೂ ಧಾರೆಯೆರೆದುದು ಎಲ್ಲರಿಗೂ ತಿಳಿದಿದೆ. ಆದರೆ ಕಾವ್ಯವನ್ನು ಕೇಳಿ ಆಸ್ವಾದಿಸುವುದು ಬೇರೆ, ಸಂಶೋಧಿಸುವುದು ಬೇರೆ. ಸಂಶೋಧಕನಿಗೆ ಪದ್ಯಸಂಖ್ಯೆ ಬೇಕು, ಪಾಠಾಂತರ ಬೇಕು, ಹಿಂದುಮುಂದಿನ ಪುಟಗಳಿಗೆ ಥಟ್ಟನೆ ಹೋಗಿಬರುವ ಅನುಕೂಲ ಬೇಕು. ಇನ್ನೊಬ್ಬರು ಓದಿ ಹೇಳುವವರೆಗೆ ಕಾಯದೆ ತಾನೇ ಪಠ್ಯವನ್ನು ಕೆದಕಿ ನೋಡುವ ಸ್ವಾತಂತ್ರ್ಯವಿಲ್ಲದೆ ಸಂಶೋಧನೆ ಸಾಧ್ಯವಿಲ್ಲ. ಆ ಸ್ವಾತಂತ್ರ್ಯವನ್ನು ಒದಗಿಸುವುದೇ ಸುಗಮ್ಯತೆಯ ಸಾರ.

3. ಮಾರ್ಗಸೂಚಿಗಳು

ಜಾಲತಾಣಗಳ ಮಾನಕಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಸಂಸ್ಥೆಯು 1999ರ ಮೇ ತಿಂಗಳಲ್ಲಿ ಸುಗಮ್ಯತೆಯ ಮೊದಲ ಮಾರ್ಗಸೂಚಿಯನ್ನು ಹೊರತಂದಿತು. 2008ರಲ್ಲಿ ಎರಡನೆಯ ಆವೃತ್ತಿಯೂ, 2018 ಮತ್ತು 2023ರಲ್ಲಿ ಅದರ ವಿಸ್ತರಣೆಗಳೂ ಬಂದವು. ಇದರ ತಳಹದಿ ನಾಲ್ಕು ತತ್ತ್ವಗಳು. ಪುಟದಲ್ಲಿರುವುದು ಯಾವುದಾದರೂ ಒಂದು ಇಂದ್ರಿಯಕ್ಕೆ ಗೋಚರವಾಗಬೇಕು. ಪುಟವನ್ನು ಮೌಸ್ ಇಲ್ಲದೆಯೂ ನಡೆಸಲು ಬರಬೇಕು. ಅದರ ಮಾತೂ ವರ್ತನೆಯೂ ಅರ್ಥವಾಗುವಂತಿರಬೇಕು. ಬೇರೆ ಬೇರೆ ಸಾಧನಗಳಲ್ಲಿ ಕೆಡದೆ ನಿಲ್ಲುವಂತಿರಬೇಕು. ಈ ತತ್ತ್ವಗಳ ಅಡಿಯಲ್ಲಿ ಬರುವ ನಿಯಮಗಳನ್ನು 'ಎ', 'ಎಎ', 'ಎಎಎ' ಎಂಬ ಮೂರು ಮಟ್ಟಗಳಾಗಿ ವಿಂಗಡಿಸಲಾಗಿದೆ. ಸಾಮಾನ್ಯವಾಗಿ ಸಾರ್ವಜನಿಕ ಜಾಲತಾಣಗಳಿಂದ ಎರಡನೆಯ ಮಟ್ಟವನ್ನು ನಿರೀಕ್ಷಿಸಲಾಗುತ್ತದೆ.

ಇದು ಕೇವಲ ಸೌಜನ್ಯದ ವಿಷಯವಲ್ಲ ಎಂಬುದನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟ ಪ್ರಕರಣಗಳಲ್ಲಿ ಒಂದು ಸಿಡ್ನಿ ಒಲಿಂಪಿಕ್ಸ್‌ಗೆ ಸಂಬಂಧಿಸಿದ್ದು. ಕ್ರೀಡಾಕೂಟದ ಜಾಲತಾಣದಲ್ಲಿ ಚಿತ್ರಗಳಿಗೆ ಪಠ್ಯರೂಪದ ವಿವರಣೆ ಇಲ್ಲವೆಂದು ಬ್ರೂಸ್ ಮ್ಯಾಗ್ವೈರ್ ಎಂಬ ದೃಷ್ಟಿಹೀನ ನಾಗರಿಕರು 1999ರಲ್ಲಿ ದೂರು ನೀಡಿದರು. ಆಸ್ಟ್ರೇಲಿಯದ ಮಾನವ ಹಕ್ಕುಗಳ ಆಯೋಗವು 2000ದಲ್ಲಿ ಇದನ್ನು ತಾರತಮ್ಯವೆಂದು ನಿರ್ಣಯಿಸಿ, ಸಂಘಟನಾ ಸಮಿತಿ 20,000 ಡಾಲರ್ ಪರಿಹಾರ ನೀಡಬೇಕಾಯಿತು.

ಭಾರತವು ಅಂಗವೈಕಲ್ಯವುಳ್ಳವರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು 2007ರಲ್ಲಿ ಅನುಮೋದಿಸಿತು. ಸರ್ಕಾರಿ ಜಾಲತಾಣಗಳಿಗೆ 2009ರಲ್ಲಿ ಮಾರ್ಗಸೂಚಿ ರಚಿತವಾಯಿತು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ವಿಸ್ತರಿಸಿದ್ದಲ್ಲದೆ, ವಿದ್ಯುನ್ಮಾನ ಮಾಧ್ಯಮದಲ್ಲಿರುವ ವಿಷಯವು ಸುಗಮ್ಯವಾಗಿರಬೇಕೆಂದು ತನ್ನ 42ನೆಯ ಪ್ರಕರಣದಲ್ಲಿ ವಿಧಿಸಿತು. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿ ಪ್ರಕರಣದಲ್ಲಿ ಸುಗಮ್ಯತೆಯ ನಿಯಮಗಳು ಬರಿಯ ಸಲಹೆಗಳಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಹೇಳಿತು. 2025ರ ಏಪ್ರಿಲಿನಲ್ಲಿ ಪ್ರಜ್ಞಾ ಪ್ರಸೂನ್ ಪ್ರಕರಣದ ತೀರ್ಪು ಗಣಕ ಸೇವೆಗಳ ಸುಗಮ್ಯತೆಯನ್ನು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಅಂಗವೆಂದು ಪರಿಗಣಿಸಿತು. ಸರ್ಕಾರದ ಅನುದಾನದಿಂದ ನಡೆಯುವ ವಿಶ್ವವಿದ್ಯಾನಿಲಯಗಳೂ ಅಕಾಡೆಮಿಗಳೂ ಈ ಬೆಳವಣಿಗೆಯನ್ನು ಗಮನಿಸದೆ ಇರಲಾಗದು.

4. ಲಿಪಿಸಂಕೇತದ ಸಮಸ್ಯೆ

ಕನ್ನಡ ಪಠ್ಯವು ಜಾಲದಲ್ಲಿ ಮುಖ್ಯವಾಗಿ ಮೂರು ರೂಪಗಳಲ್ಲಿದೆ: ಪುಟದ ಛಾಯಾಬಿಂಬ, ಹಳೆಯ ಫಾಂಟುಗಳ ಪಠ್ಯ ಮತ್ತು ಯೂನಿಕೋಡ್ ಪಠ್ಯ.

ಛಾಯಾಬಿಂಬವು ಕಣ್ಣುಳ್ಳವರಿಗೆ ಪುಸ್ತಕದಷ್ಟೇ ಉಪಯುಕ್ತ. ಸ್ಕ್ರೀನ್ ರೀಡರಿಗೆ ಅದು ಬರಿಯ ಚಿತ್ರ; ಅಲ್ಲಿ ಓದಲು ಏನೂ ಇರುವುದಿಲ್ಲ. ಮುನ್ನೂರು ಪುಟದ ಕಾವ್ಯವನ್ನು ಬಿಂಬರೂಪದಲ್ಲಿ ಜಾಲಕ್ಕೇರಿಸಿ 'ಎಲ್ಲರಿಗೂ ಲಭ್ಯ' ಎಂದು ಘೋಷಿಸುವಾಗ, ದೃಷ್ಟಿಹೀನ ಓದುಗನಿಗೆ ದೊರೆತದ್ದು ಮುನ್ನೂರು ಖಾಲಿ ಹಾಳೆ ಎಂಬುದನ್ನು ನೆನಪಿಡಬೇಕು. ಬಿಂಬದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳು ಈಗ ಕನ್ನಡಕ್ಕೂ ಇವೆ. ಆದರೆ ಹಳೆಯ ಅಚ್ಚುಮೊಳೆಗಳು, ಮಾಸಿದ ಕಾಗದ, ಒತ್ತಕ್ಷರಗಳ ದಟ್ಟಣೆ ಇವುಗಳಿಂದ ತಪ್ಪುಗಳು ಸಹಜ. ಪಠ್ಯವನ್ನು ಬಲ್ಲವರು ತಿದ್ದದ ಹೊರತು ಅದು ವಿಶ್ವಾಸಾರ್ಹವಾಗದು.

ಎರಡನೆಯದು ಯೂನಿಕೋಡ್‌ಪೂರ್ವ ಫಾಂಟುಗಳಲ್ಲಿ ಸಿದ್ಧವಾದ ಪಠ್ಯ. ಈ ಫಾಂಟುಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಣುಕು ಆಕೃತಿಗಳನ್ನು ಇರಿಸಲಾಗಿದೆ. ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಲ್ಲವೂ ಬೇರೆ ಬೇರೆ ತುಣುಕುಗಳು. ಫಾಂಟು ಇರುವಲ್ಲಿ ಕನ್ನಡವಾಗಿ ಕಾಣುವ ಈ ಪಠ್ಯವು ಗಣಕದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಸ್ಕ್ರೀನ್ ರೀಡರ್ ಅದನ್ನು ಹಾಗೆಯೇ ಓದುತ್ತದೆ. 1990ರ ದಶಕದಿಂದೀಚೆಗೆ ನಮ್ಮ ವಿಭಾಗಗಳು, ಪ್ರಕಾಶಕರು ಅಚ್ಚಿಗೆ ಸಿದ್ಧಪಡಿಸಿದ ಗ್ರಂಥಗಳ ಗಣಕಪ್ರತಿಗಳು ಬಹುಮಟ್ಟಿಗೆ ಈ ರೂಪದಲ್ಲಿವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ದೊರೆಯುತ್ತವೆಯಾದ್ದರಿಂದ ಈ ದೊಡ್ಡ ಸಂಪತ್ತನ್ನು ಉಳಿಸಿಕೊಳ್ಳಲು ಅವಕಾಶವಿದೆ.

ಪರಿವರ್ತನೆಯಲ್ಲಿ ಎಚ್ಚರ ವಹಿಸಬೇಕಾದ ಸ್ಥಳಗಳಲ್ಲಿ ಅರ್ಕಾವತ್ತು ಮೊದಲನೆಯದು. 'ಧರ್ಮ' ಎಂಬಲ್ಲಿ ಉಚ್ಚಾರಣೆಯಂತೆ ರೇಫವು ಮಕಾರಕ್ಕೆ ಮೊದಲು ಬರುತ್ತದೆ. ಬರವಣಿಗೆಯಲ್ಲಿ ಅರ್ಕಾವತ್ತಿನ ಚಿಹ್ನೆ ಮಕಾರದ ನಂತರ ನಿಲ್ಲುತ್ತದೆ. ಹಳೆಯ ಫಾಂಟುಗಳು ಕಂಡ ಕ್ರಮವನ್ನು ದಾಖಲಿಸಿದರೆ ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ದಾಖಲಿಸುತ್ತದೆ. ಪರಿವರ್ತನೆ ತಪ್ಪಿದರೆ ರೇಫವು ಸ್ಥಾನಪಲ್ಲಟಗೊಳ್ಳುತ್ತದೆ. ಇನ್ನು ಕೆಲವರು ಅರ್ಕಾವತ್ತಿನ ಬದಲು ರಕಾರದ ಕೆಳಗೆ ಒತ್ತು ಬರುವ ರೂಪವನ್ನು ಪಡೆಯಲು ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ನಡುವೆ ಸೇರಿಸುತ್ತಾರೆ. ಶೋಧ ವ್ಯವಸ್ಥೆಗೆ ಇದನ್ನು ಮೊದಲೇ ತಿಳಿಸದಿದ್ದರೆ ಒಂದೇ ಪದವು ಎರಡು ಪದಗಳಾಗಿ ಎಣಿಕೆಗೆ ಬರುತ್ತದೆ.

ಎರಡನೆಯದು ಅನುಸ್ವಾರ. ಬೆರಳಚ್ಚುಗಾರರಲ್ಲಿ ಕೆಲವರು ಅನುಸ್ವಾರದ ಸ್ಥಾನದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುವ ರೂಢಿ ವ್ಯಾಪಕವಾಗಿದೆ. ಕಣ್ಣಿಗೆ ಎರಡೂ ದುಂಡಗೆ ಕಾಣುತ್ತವೆ. ಆದರೆ ಧ್ವನಿಯಂತ್ರಕ್ಕೆ 'ಹಂಪೆ' ಎಂಬುದು ನಡುವೆ ಒಂದು ಅಂಕಿ ಸಿಕ್ಕಿಕೊಂಡ ಎರಡು ಬಿಡಿ ಅಕ್ಷರಗಳಾಗಿ ಒಡೆಯುತ್ತದೆ. ಒಂದು ಶಾಸನ ಸಂಪುಟದಲ್ಲಿ ಅನುಸ್ವಾರ ಎಷ್ಟು ಸಲ ಬರುತ್ತದೆ ಎಂಬುದನ್ನು ಊಹಿಸಿಕೊಂಡರೆ ಕೇಳುಗನ ಕಷ್ಟ ಅರ್ಥವಾಗುತ್ತದೆ. ಈ ತಪ್ಪನ್ನು ಗಣಕದಿಂದಲೇ ಹುಡುಕಿ ತಿದ್ದುವುದು ಕೆಲವು ನಿಮಿಷಗಳ ಕೆಲಸ.

ಮೂರನೆಯದು ನಮ್ಮ ಕ್ಷೇತ್ರಕ್ಕೇ ವಿಶಿಷ್ಟವಾದ ಱ ಮತ್ತು ೞ ಅಕ್ಷರಗಳು. ಇವೆರಡಕ್ಕೂ ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೆ ೞ ಅಕ್ಷರಕ್ಕೆ ಆರಂಭದಲ್ಲಿ 'ಫ' ಎಂಬ ಅರ್ಥದ ತಪ್ಪು ಹೆಸರು ಅಂಟಿಕೊಂಡಿತು. ಒಮ್ಮೆ ನೀಡಿದ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದ್ದರಿಂದ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಲಾಗಿದೆ. ಅಕ್ಷರದ ಹೆಸರನ್ನೇ ನೆಚ್ಚಿ ನಡೆಯುವ ತಂತ್ರಾಂಶವು ಹಳಗನ್ನಡದ ೞಕಾರವನ್ನು ಬೇರೇನೆಂದೋ ಹೇಳುವ ಸಾಧ್ಯತೆ ಇಲ್ಲಿದೆ. ಆದುದರಿಂದ ಪಠ್ಯವನ್ನು ಪ್ರಕಟಿಸುವ ಮೊದಲು, ಬಳಕೆಯಲ್ಲಿರುವ ಧ್ವನಿಯಂತ್ರಗಳು ಈ ಎರಡು ಅಕ್ಷರಗಳನ್ನು ಹೇಗೆ ಓದುತ್ತವೆ ಎಂದು ಕೇಳಿ ನೋಡಬೇಕು. ಅವು ಬಿಟ್ಟುಹೋಗುತ್ತಿದ್ದರೆ ಆ ಸಂಗತಿಯನ್ನು ಪೀಠಿಕೆಯಲ್ಲಿ ಓದುಗರಿಗೆ ತಿಳಿಸಬೇಕು. ಱ-ರ, ೞ-ಳ ವ್ಯತ್ಯಾಸವು ಪ್ರಾಸಕ್ಕೂ ಕಾಲನಿರ್ಣಯಕ್ಕೂ ಆಧಾರವಾಗುವ ಸಂದರ್ಭಗಳಿರುವುದರಿಂದ ಇದನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ.

5. ಪದ್ಯದ ವಿನ್ಯಾಸ

ಅಚ್ಚಿನ ಪುಸ್ತಕದಲ್ಲಿ ಪದ್ಯದ ಪಾದವು ಛಂದಸ್ಸಿನ ಪ್ರಕಾರ ಮುಗಿಯುತ್ತದೆಯೇ ಹೊರತು ಪದದ ಪ್ರಕಾರವಲ್ಲ. ಕಂದದಲ್ಲಿ 12, 20, 12, 20 ಮಾತ್ರೆಗಳ ನಾಲ್ಕು ಪಾದಗಳು. ಪಾದಾಂತ್ಯದಲ್ಲಿ ಪದವು ತುಂಡಾಗಿ, ಅಡ್ಡಗೆರೆಯೊಡನೆ ಮುಂದಿನ ಸಾಲಿಗೆ ಹರಿಯುವುದು ಸಾಮಾನ್ಯ. ಕಣ್ಣು ಈ ತುಂಡುಗಳನ್ನು ಅಪ್ರಯತ್ನವಾಗಿ ಜೋಡಿಸಿಕೊಳ್ಳುತ್ತದೆ. ಧ್ವನಿಯಂತ್ರಕ್ಕೆ ಸಾಲು ಮುಗಿದರೆ ಮಾತು ಮುಗಿದಂತೆ. ಅದು ನಿಂತು, ಉಳಿದ ಅರ್ಧ ಪದವನ್ನು ಹೊಸ ಪದವಾಗಿ ಆರಂಭಿಸುತ್ತದೆ. ಸಂಧಿಗಳಿಂದ ಮೊದಲೇ ಬಿಗಿಯಾಗಿ ಹೆಣೆದ ಹಳಗನ್ನಡವು ಹೀಗೆ ಒಡೆದರೆ ಪರಿಣತ ಕೇಳುಗನಿಗೂ ಅರ್ಥವಾಗುವುದು ಕಷ್ಟ.

ಇದಕ್ಕೆ ನಾವು ಸೂಚಿಸುವ ಪರಿಹಾರವೆಂದರೆ ಎರಡು ಪದರಗಳ ಪಠ್ಯ. ಮೊದಲನೆಯದು ಮೂಲ ವಿನ್ಯಾಸದ ಪದ್ಯ. ಎರಡನೆಯದು ಪದವಿಭಾಗ ಮಾಡಿ, ಅನ್ವಯಕ್ಕೆ ತಕ್ಕ ನಿಲುಗಡೆಗಳನ್ನು ನೀಡಿದ ಪಾಠ. ಓದುಗನು ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದು. ಗಮನಿಸಬೇಕಾದ ಸಂಗತಿಯೆಂದರೆ, ಈ ಎರಡನೆಯ ಪದರವು ದೃಷ್ಟಿಯುಳ್ಳ ವಿದ್ಯಾರ್ಥಿಗಳಿಗೂ ಅಷ್ಟೇ ಬೇಕಾದದ್ದು. ಹೊರನಾಡಿನಲ್ಲಿ ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿತು ಸಾಹಿತ್ಯಕ್ಕೆ ಬರುವವರಿಗೆ ಅದು ಹಳಗನ್ನಡದ ಬಾಗಿಲನ್ನೇ ತೆರೆಯಬಲ್ಲದು. ಪದವಿಭಾಗದಲ್ಲಿ ಸಂಪಾದಕನ ಅರ್ಥನಿರ್ಣಯ ಅಡಗಿರುತ್ತದೆಯಾದ್ದರಿಂದ, ಸಂದಿಗ್ಧ ಸ್ಥಳಗಳಲ್ಲಿ ಬೇರೆ ವಿಭಾಗವೂ ಸಾಧ್ಯವೆಂದು ಟಿಪ್ಪಣಿ ನೀಡುವುದು ಉಚಿತ.

ಪಾಠಾಂತರಗಳ ಅಂಕಿಗಳು ಇನ್ನೊಂದು ತೊಡಕು. ಮುದ್ರಣದಲ್ಲಿ ಪದದ ನೆತ್ತಿಯ ಮೇಲೆ ಚಿಕ್ಕದಾಗಿ ಕೂರುವ ಅಂಕಿಯನ್ನು ಸ್ಕ್ರೀನ್ ರೀಡರ್ ಪದ್ಯದ ಭಾಗವೆಂಬಂತೆ ಓದುತ್ತದೆ. ಒಂದು ವೃತ್ತದಲ್ಲಿ ಹತ್ತು ಪಾಠಾಂತರಗಳಿದ್ದರೆ ಹತ್ತು ಸಂಖ್ಯೆಗಳು ಲಯದ ನಡುವೆ ನುಗ್ಗುತ್ತವೆ. ಅಂಕಿಯನ್ನು ಕೊಂಡಿಯಾಗಿ ಮಾಡಿ, ಅದಕ್ಕೆ 'ಪಾಠಾಂತರ ಮೂರು' ಎಂಬಂತಹ ಹೆಸರು ನೀಡಿ, ಅಲ್ಲಿಂದ ಪದ್ಯಕ್ಕೆ ಮರಳುವ ದಾರಿಯನ್ನೂ ಕಲ್ಪಿಸಬೇಕು. ಪಾಠಾಂತರಗಳಿಲ್ಲದೆ ಪದ್ಯವನ್ನಷ್ಟೇ ಕೇಳುವ ಅವಕಾಶವೂ ಇರಬೇಕು. ಹಸ್ತಪ್ರತಿಗಳಿಗೆ ನಾವು ನೀಡುವ ಒಂದಕ್ಷರದ ಸಂಕೇತಗಳನ್ನು ಅವು ಬರುವಲ್ಲಿಯೇ ಬಿಡಿಸಿ ಹೇಳುವ ವ್ಯವಸ್ಥೆಯೂ ಸುಲಭಸಾಧ್ಯ.

ಛಂದಸ್ಸಿನ ಪ್ರಸ್ತಾರವನ್ನು ಅನೇಕ ಜಾಲತಾಣಗಳು ಚಿತ್ರವಾಗಿ ತೋರಿಸುತ್ತವೆ, ಇಲ್ಲವೇ ಬಿಡಿ ಜಾಗಗಳನ್ನು ತುಂಬಿ ಲಘು ಗುರು ಚಿಹ್ನೆಗಳನ್ನು ಅಕ್ಷರಗಳ ಮೇಲೆ ಕೂರಿಸುತ್ತವೆ. ಎರಡೂ ಕಿವಿಗೆ ನಿರರ್ಥಕ. ಭಾಮಿನೀ ಷಟ್ಪದಿಯ ಪ್ರಸ್ತಾರಕ್ಕೆ ಹೀಗೊಂದು ವಿವರಣೆ ಸಾಕು: 'ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳ ಜೋಡಿ ಎರಡು ಸಲ, ಮೂರು ಮತ್ತು ಆರನೆಯ ಪಾದಗಳಲ್ಲಿ ಅದೇ ಜೋಡಿ ಮೂರು ಸಲ, ಕೊನೆಗೊಂದು ಗುರು.' ಚಿತ್ರ ನೋಡಿ ಕಲಿಯುವಷ್ಟನ್ನೇ ಈ ಒಂದು ವಾಕ್ಯದಿಂದಲೂ ಕಲಿಯಬಹುದು.

6. ಚಿತ್ರ, ಶೀರ್ಷಿಕೆ, ಭಾಷಾಸೂಚನೆ

ಶಾಸನ ಮತ್ತು ಹಸ್ತಪ್ರತಿಗಳ ಚಿತ್ರಗಳಿಗೆ ನೀಡುವ ಬದಲಿ ಪಠ್ಯವು ಚಿತ್ರದ ಪ್ರಯೋಜನವನ್ನು ಅನುಸರಿಸಬೇಕು. ಹಲ್ಮಿಡಿ ಶಾಸನದ ಚಿತ್ರಕ್ಕೆ 'ಚಿತ್ರ 1' ಎಂದು ಬರೆಯುವುದು ಏನನ್ನೂ ಹೇಳದು. 'ಹಲ್ಮಿಡಿ ಶಾಸನದ ಕಲ್ಲು. ಮೇಲ್ಭಾಗದಲ್ಲಿ ಚಕ್ರದ ಕೆತ್ತನೆ, ಅದರ ಕೆಳಗೆ ಶಾಸನಪಾಠ. ಪೂರ್ಣ ಪಾಠ ಮುಂದಿನ ಭಾಗದಲ್ಲಿದೆ' ಎಂಬುದು ಓದುಗನನ್ನು ಸರಿಯಾದ ಸ್ಥಳಕ್ಕೆ ಕರೆದೊಯ್ಯುತ್ತದೆ. ಅಕ್ಷರದ ಆಕಾರವೇ ಚರ್ಚೆಯ ವಿಷಯವಾಗಿದ್ದರೆ ಆ ಆಕಾರವನ್ನು ಮಾತಿನಲ್ಲಿ ವರ್ಣಿಸಬೇಕು. ಲಿಪಿಶಾಸ್ತ್ರದ ವಿದ್ವಾಂಸರು ತಮ್ಮ ಲೇಖನಗಳಲ್ಲಿ ಇಂತಹ ವರ್ಣನೆಯನ್ನು ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ಅದನ್ನೇ ಜಾಲತಾಣಕ್ಕೆ ತಂದರಾಯಿತು. ಬರಿಯ ಅಲಂಕಾರದ ಅಂಚುಗಳಿಗೆ ಮಾತ್ರ ವಿವರಣೆ ಬೇಡ. ಅವುಗಳನ್ನು ಸ್ಕ್ರೀನ್ ರೀಡರ್ ದಾಟಿಹೋಗುವಂತೆ ಖಾಲಿ ಬಿಡಬೇಕು.

ಆಶ್ವಾಸ, ಸಂಧಿ, ಪದ್ಯ ಇವುಗಳ ಶೀರ್ಷಿಕೆಗಳನ್ನು ದಪ್ಪಕ್ಷರದಲ್ಲಿ ತೋರಿಸಿದರೆ ಸಾಲದು. ಶೀರ್ಷಿಕೆಗಳೆಂದೇ ಸಂಕೇತದಲ್ಲಿ ಗುರುತಿಸಬೇಕು. ದೃಷ್ಟಿಹೀನರು ಒಂದು ಕೀಲಿಯನ್ನು ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾರೆ. ಗುರುತಿಲ್ಲದಿದ್ದರೆ ಹತ್ತನೆಯ ಆಶ್ವಾಸದ ಪದ್ಯಕ್ಕಾಗಿ ಮೊದಲಿನಿಂದ ಎಲ್ಲವನ್ನೂ ಕೇಳುತ್ತ ಹೋಗಬೇಕಾಗುತ್ತದೆ. 'ಇಲ್ಲಿ ಒತ್ತಿ' ಎಂಬ ಕೊಂಡಿಗಳು ಹತ್ತಿದ್ದರೆ ಹತ್ತೂ ಒಂದೇ; 'ಎರಡನೆಯ ಆಶ್ವಾಸದ ಟೀಕೆ' ಎಂದಿದ್ದರೆ ಗುರಿ ಸ್ಪಷ್ಟ.

ನಮ್ಮ ಸಂಶೋಧನಾ ಲೇಖನಗಳಲ್ಲಿ ಕನ್ನಡದ ನಡುವೆ ಇಂಗ್ಲಿಷ್ ಉದ್ಧರಣೆ, ನಾಗರಿಯಲ್ಲಿ ಸಂಸ್ಕೃತ ಶ್ಲೋಕ, ಮರಾಠಿ ಇಲ್ಲವೇ ತಮಿಳು ಆಧಾರಗಳು ಬರುತ್ತವೆ. ಹೊರನಾಡಿನ ತೌಲನಿಕ ಅಧ್ಯಯನಗಳಲ್ಲಂತೂ ಇದು ಅನಿವಾರ್ಯ. ಪ್ರತಿಯೊಂದು ಭಾಗವೂ ಯಾವ ಭಾಷೆಯದೆಂದು ಸಂಕೇತದಲ್ಲಿ ಸೂಚಿಸಿದರೆ ಧ್ವನಿಯಂತ್ರವು ತಕ್ಕ ಭಾಷೆಯ ಧ್ವನಿಗೆ ಬದಲಾಗುತ್ತದೆ. ಸೂಚಿಸದಿದ್ದರೆ ಕನ್ನಡ ಧ್ವನಿಯು ಇಂಗ್ಲಿಷನ್ನು ಒದರುತ್ತದೆ, ಅಥವಾ ಇಂಗ್ಲಿಷ್ ಧ್ವನಿಯು ಕನ್ನಡವನ್ನು ನುಂಗಿ ಮೌನವಾಗುತ್ತದೆ.

7. ಇತರ ಓದುಗರು

ಸುಗಮ್ಯತೆಯನ್ನು ದೃಷ್ಟಿಹೀನತೆಗೆ ಮಾತ್ರ ಸೀಮಿತಗೊಳಿಸುವುದು ಸರಿಯಲ್ಲ. ಮಂದದೃಷ್ಟಿಯವರಿಗೆ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಬೆಳಕಿನ ಅಂತರ ಕನಿಷ್ಠ 4.5:1 ಪ್ರಮಾಣದಲ್ಲಿರಬೇಕೆಂದೂ, ದೊಡ್ಡ ಅಕ್ಷರಗಳಿಗೆ 3:1 ಸಾಕೆಂದೂ, ಅಕ್ಷರವನ್ನು ಎರಡರಷ್ಟು ಹಿಗ್ಗಿಸಿದರೂ ಪುಟ ಕೆಡಬಾರದೆಂದೂ ಮಾರ್ಗಸೂಚಿ ಹೇಳುತ್ತದೆ. ತಾಳೆಗರಿಯ ಚಿತ್ರವನ್ನು ಹಿನ್ನೆಲೆಯಾಗಿಸಿ ಅದರ ಮೇಲೆ ಕಂದುಬಣ್ಣದ ಅಕ್ಷರಗಳನ್ನು ಮೂಡಿಸುವ ವಿನ್ಯಾಸವು ಪ್ರಾಚೀನ ಸಾಹಿತ್ಯದ ತಾಣಗಳಿಗೆ ಆಕರ್ಷಕವೆನಿಸಿದರೂ ಓದಿಗೆ ಪ್ರತಿಕೂಲ. ಕನ್ನಡಕ್ಕೆ ಇನ್ನೊಂದು ವಿಶೇಷವಿದೆ: ನಮ್ಮ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. ರೋಮನ್ ಲಿಪಿಗೆ ಅಳತೆ ಮಾಡಿದ ಸಾಲಂತರದಲ್ಲಿ, ನಿಗದಿತ ಎತ್ತರದ ಚೌಕಟ್ಟಿನಲ್ಲಿ ಒತ್ತುಗಳು ಕತ್ತರಿಸಿಹೋಗುತ್ತವೆ. ಓದುಗನು ಸಾಲಂತರವನ್ನು ಅಕ್ಷರದ ಗಾತ್ರದ ಒಂದೂವರೆಯಷ್ಟಕ್ಕೆ ಹೆಚ್ಚಿಸಿಕೊಂಡರೂ ಪುಟ ಕೆಡದಂತಿರಬೇಕೆಂಬ ನಿಯಮವು ಕನ್ನಡದ ಓದಿಗಂತೂ ಎಲ್ಲರಿಗೂ ಹಿತಕರ.

ಕೈಗಳ ಚಲನೆಗೆ ತೊಡಕಿರುವವರು ಮೌಸನ್ನು ಬಳಸಲಾರರು. ಅವರಿಗಾಗಿ ಪುಟದ ಪ್ರತಿಯೊಂದು ಕ್ರಿಯೆಯೂ ಕೀಲಿಮಣೆಯಿಂದ ನಡೆಯಬೇಕು. ಈಗ ಎಲ್ಲಿದ್ದೇವೆ ಎಂಬ ಗುರುತು ಪರದೆಯ ಮೇಲೆ ಕಾಣುತ್ತಿರಬೇಕು. ಶ್ರವಣದೋಷವುಳ್ಳವರಿಗೆ ಉಪನ್ಯಾಸದ ದೃಶ್ಯಮುದ್ರಿಕೆಗಳಲ್ಲಿ ಅಡಿಬರಹ ಬೇಕು. ಯಂತ್ರವು ತಾನಾಗಿ ನೀಡುವ ಅಡಿಬರಹವು ಹಳಗನ್ನಡ ಪದ್ಯ ಬಂದೊಡನೆ ದಾರಿತಪ್ಪುವುದರಿಂದ, ಉಪನ್ಯಾಸಕರೇ ಉದ್ಧರಣೆಗಳ ಪಠ್ಯವನ್ನು ಒದಗಿಸುವುದು ವಿಹಿತ. ತಾಣಕ್ಕೆ ನೋಂದಾಯಿಸಿಕೊಳ್ಳುವಾಗ ಸೊಟ್ಟ ಅಕ್ಷರಗಳ ಚಿತ್ರವನ್ನು ಗುರುತಿಸಿರೆಂದು ಕೇಳುವ ಪರೀಕ್ಷೆಯು ದೃಷ್ಟಿಹೀನರನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಅದಕ್ಕೆ ಬೇರೊಂದು ದಾರಿ ಇರಲೇಬೇಕು.

8. ಬ್ರೈಲ್ ಮತ್ತು ಹಕ್ಕುಸ್ವಾಮ್ಯ

ಕಿವಿಯ ಓದಿಗೆ ಮಿತಿಯಿದೆ. ಕಾಗುಣಿತ, ಪ್ರಾಸಾಕ್ಷರ, ಶಕಟರೇಫ ಇವುಗಳನ್ನು ನಿಖರವಾಗಿ ಗಮನಿಸಲು ಬೆರಳಿನ ಓದೇ ಸೂಕ್ತ. ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತೀ ಬ್ರೈಲ್ 1951ರಲ್ಲಿ ರೂಪುಗೊಂಡಿತು. ಕನ್ನಡ ಬ್ರೈಲ್ ಅದರ ಒಂದು ಶಾಖೆ. ಅಲ್ಲಿ ಕಾಗುಣಿತದ ಆಕೃತಿಗಳಿಲ್ಲ. ವ್ಯಂಜನದ ಬಳಿಕ ಸ್ವರದ ಚುಕ್ಕೆಗಳು ಬಿಡಿಯಾಗಿ ಬರುತ್ತವೆ. ಒತ್ತಕ್ಷರದಲ್ಲಿ ಹಲಂತದ ಚಿಹ್ನೆಯು ಮೊದಲ ವ್ಯಂಜನಕ್ಕೂ ಮುಂಚೆ ನಿಲ್ಲುತ್ತದೆ. ಕ್ಷ, ಜ್ಞಗಳಿಗೆ ಸ್ವತಂತ್ರ ಚಿಹ್ನೆಗಳಿವೆ. ಗಣಕಕ್ಕೆ ಜೋಡಿಸುವ, ಚುಕ್ಕೆಗಳು ತಾವಾಗಿ ಏಳುವ ಬ್ರೈಲ್ ಫಲಕಗಳು ಯೂನಿಕೋಡ್ ಪಠ್ಯವನ್ನು ನೇರವಾಗಿ ಬ್ರೈಲಿಗೆ ತಿರುಗಿಸುತ್ತವೆ. ಒಮ್ಮೆ ಶುದ್ಧವಾಗಿ ಸಿದ್ಧಪಡಿಸಿದ ಪಠ್ಯವೊಂದೇ ಹೀಗೆ ಕಣ್ಣು, ಕಿವಿ, ಬೆರಳು ಮೂರಕ್ಕೂ ಒದಗುತ್ತದೆ.

ಹಕ್ಕುಸ್ವಾಮ್ಯದ ಭಯವನ್ನು ಕೆಲವರು ಮುಂದೊಡ್ಡುವುದುಂಟು. ಪ್ರಾಚೀನ ಕೃತಿಗಳಿಗೆ ಹಕ್ಕುಸ್ವಾಮ್ಯವಿಲ್ಲ. ಆಧುನಿಕ ಸಂಪಾದಕರ ಪೀಠಿಕೆ, ಟೀಕೆಗಳಿಗೆ ಅವರ ಕಾಲಾನಂತರ 60 ವರ್ಷಗಳವರೆಗೆ ಇರುತ್ತದೆ. ಆದರೆ 2012ರ ತಿದ್ದುಪಡಿಯು ಅಂಗವೈಕಲ್ಯವುಳ್ಳವರ ಉಪಯೋಗಕ್ಕಾಗಿ ಲಾಭದ ಉದ್ದೇಶವಿಲ್ಲದೆ ಕೃತಿಗಳನ್ನು ಸುಗಮ್ಯ ರೂಪಕ್ಕೆ ತರುವುದನ್ನು ಹಕ್ಕಿನ ಉಲ್ಲಂಘನೆಯಲ್ಲವೆಂದು ಸ್ಪಷ್ಟಪಡಿಸಿದೆ. ದೃಷ್ಟಿಹೀನರಿಗಾಗಿ ದೇಶದೇಶಗಳ ನಡುವೆ ಇಂತಹ ಪ್ರತಿಗಳ ವಿನಿಮಯಕ್ಕೆ ಅವಕಾಶ ನೀಡುವ 2013ರ ಮರ್ರಾಕೇಶ್ ಒಪ್ಪಂದವನ್ನು ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತ (2014). 2016ರಿಂದ ಈ ಒಪ್ಪಂದ ಜಾರಿಯಲ್ಲಿದೆ. ಆದ್ದರಿಂದ ಕಾನೂನು ನಮಗೆ ಅಡ್ಡಿಯಾಗಿಲ್ಲ, ಬೆಂಬಲವಾಗಿಯೇ ನಿಂತಿದೆ.

9. ಕೆಲವು ಸೂಚನೆಗಳು

ಹೊರನಾಡಿನ ಕನ್ನಡ ವಿಭಾಗಗಳು ಚಿಕ್ಕವು. ಅಲ್ಲಿ ತಂತ್ರಜ್ಞರಿಲ್ಲ, ಹಣವೂ ಹೆಚ್ಚಿಲ್ಲ. ಆದರೂ ಈ ಮುಂದಿನ ಕಾರ್ಯಗಳಿಗೆ ವಿಶೇಷ ವೆಚ್ಚವಿಲ್ಲ. ಇನ್ನು ಮುಂದೆ ಸಲ್ಲಿಸುವ ಪ್ರಬಂಧಗಳನ್ನೂ ಪ್ರಕಟಣೆಗಳನ್ನೂ ಯೂನಿಕೋಡಿನಲ್ಲಿಯೇ ಪಡೆಯುವುದು. ವಿಭಾಗದಲ್ಲಿರುವ ಹಳೆಯ ಗಣಕಪ್ರತಿಗಳನ್ನು ಪರಿವರ್ತಿಸಿ, ಮೂಲದೊಡನೆ ಒಪ್ಪನೋಡುವ ಕೆಲಸವನ್ನು ಎಂ.ಎ. ವಿದ್ಯಾರ್ಥಿಗಳ ಗ್ರಂಥಸಂಪಾದನಾ ಅಭ್ಯಾಸದ ಅಂಗವಾಗಿಸುವುದು. ಯಾವುದೇ ಪುಟವನ್ನು ಪ್ರಕಟಿಸುವ ಮೊದಲು ಮೌಸನ್ನು ಬದಿಗಿಟ್ಟು ಕೀಲಿಮಣೆಯಿಂದಲೇ ಅದನ್ನು ನಡೆಸಿ ನೋಡುವುದು. ಪರದೆಯನ್ನು ಆರಿಸಿ ಸ್ಕ್ರೀನ್ ರೀಡರಿನಿಂದ ಪೂರ್ತಿ ಕೇಳುವುದು. ತಪ್ಪುಗಳನ್ನು ಹುಡುಕುವ ಸ್ವಯಂಚಾಲಿತ ಪರೀಕ್ಷಕಗಳು ಉಂಟಾದರೂ ಅವು ಬದಲಿ ಪಠ್ಯ ಇದೆಯೇ ಎಂಬುದನ್ನು ಹೇಳಬಲ್ಲವೇ ಹೊರತು ಅದು ಸರಿಯೇ ಎಂಬುದನ್ನು ಹೇಳಲಾರವು. ಎಲ್ಲಕ್ಕಿಂತ ಮುಖ್ಯವಾಗಿ, ದೃಷ್ಟಿಹೀನ ವಿದ್ಯಾರ್ಥಿಗಳೂ ವಿದ್ವಾಂಸರೂ ಯೋಜನೆಯ ಆರಂಭದಿಂದಲೇ ಸಲಹೆಗಾರರಾಗಿರಬೇಕು. ಕಟ್ಟಡ ಮುಗಿದ ಮೇಲೆ ಇಳಿಜಾರು ದಾರಿಯನ್ನು ಅಂಟಿಸುವುದಕ್ಕಿಂತ ಅಡಿಪಾಯದಲ್ಲೇ ಅದನ್ನು ಯೋಜಿಸುವುದು ಸುಲಭವೂ ಅಗ್ಗವೂ ಆಗಿದೆ.

ಗ್ರಂಥಸಂಪಾದನೆಯ ಗುರಿ ಶುದ್ಧವಾದ ಪಾಠವನ್ನು ಓದುಗನಿಗೆ ತಲುಪಿಸುವುದು ಎಂದು ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. ಲಿಪಿಕಾರನ ಕೈತಪ್ಪಿನಿಂದ ಹುಟ್ಟಿದ ಒಂದು ಅಕ್ಷರದ ವ್ಯತ್ಯಾಸಕ್ಕಾಗಿ ಪುಟಗಟ್ಟಲೆ ಚರ್ಚಿಸುತ್ತೇವೆ. ಅನುಸ್ವಾರದ ಜಾಗದಲ್ಲಿ ಕುಳಿತ ಸೊನ್ನೆ, ಸ್ಥಾನ ತಪ್ಪಿದ ರೇಫ, ಪದ್ಯದೊಳಗೆ ನುಗ್ಗಿದ ಅಂಕಿ ಇವೂ ಪಾಠದೋಷಗಳೇ; ಕಣ್ಣಿಗೆ ಬೀಳದೆ ಕಿವಿಗೆ ಮಾತ್ರ ಬೀಳುವ ಪಾಠದೋಷಗಳು. ಇವುಗಳನ್ನು ತಿದ್ದುವ ಹೊಣೆ ಸಂಪಾದಕರದೇ ಆಗಿದೆ. ಆ ಹೊಣೆಯನ್ನು ಹೊತ್ತ ದಿನ, ದೂರದ ಊರಿನ ದೃಷ್ಟಿಹೀನ ವಿದ್ಯಾರ್ಥಿಯೊಬ್ಬಳು ಯಾರ ನೆರವನ್ನೂ ಕಾಯದೆ ಪಂಪಭಾರತದ ಪದ್ಯವೊಂದನ್ನು ತಾನೇ ಹುಡುಕಿ, ಪಾಠಾಂತರಗಳನ್ನು ತೂಗಿ ನೋಡಿ, ನಮ್ಮ ನಿರ್ಣಯವನ್ನು ಪ್ರಶ್ನಿಸುವುದು ಸಾಧ್ಯವಾಗುತ್ತದೆ.